ಸೌಟು ಹಿಡಿದ ಹಾಗೆ

ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ಬ್ರಹ್ಮಾವರದ ನಮ್ಮ ಮನೆಯಲ್ಲಿ ನಾನು ಎರಡನೇ ದೋಸೆಯ ನಡುವಿನಲ್ಲಿದ್ದೆ. ಫೋನ್ ಬಂತು. ಗುರುತಿಲ್ಲದ ನಂಬರ್.

“ಹ್ವಾಯ್, ಪೇಪರಂಗೆ ಬರೆಯೂದ್ ನೀವೇಯಾ?”

ಹೌದು ಎಂದೆ. (ಓದುಗರ ಫೋನ್ ಎಂದರೆ ಹೊಗಳಿಕೆ ಇರಬಹುದೆಂದು ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಕೆಟ್ಟ ಅಭ್ಯಾಸ.)

“ಸೌಟ್ ಹಿಡ್ದಾಂಗೆ ಅಂದ್ ಬರ್ದದ್ದೂ ನೀವೇಯಾ?”

“ಹೌದು. ಓದಿದ್ರಾ?”

“ಓದ್ದೆ. ಆ ಸೌಟ್ ಹಿಡ್ದದ್ ನಾನೇ.”

ದೋಸೆ ಅಲ್ಲೇ ನಿಂತಿತು.

ಕಳೆದ ವಾರದ ಅಂಕಣ ಓದದವರಿಗೆ (ಪುಣ್ಯವಂತರು ನೀವು) ವಿಷಯ ಹೇಳಿಬಿಡುತ್ತೇನೆ. ನನಗೆ ಹಳೆಯ ವಿಡಿಯೋ ಗೇಮ್ ಜಾಹೀರಾತು ಕೂಡಿಡುವ ಹುಚ್ಚು. ಟಿ.ವಿ.ಗೆ ವೈರ್ ಸಿಕ್ಕಿಸಿ ಆಡುತ್ತಿದ್ದ, ಕ್ಯಾಸೆಟ್‌ಗೆ ಉಫ್ ಎಂದು ಊದಿ ಹಾಕುತ್ತಿದ್ದ ಗೇಮ್‌ಗಳ ಕಾಲದ್ದು. ವಾರಪತ್ರಿಕೆಯ ಹಾಳೆ, ಹ್ಯಾಂಡ್‌ಬಿಲ್, ರಟ್ಟಿನ ಡಬ್ಬದ ಮುಚ್ಚಳ, ಯಾವುದಾದರೂ ಸರಿ. ಸಿಕ್ಕಿದ ದಿನ, ಸಿಕ್ಕಿದ ಜಾಗ, ಚಿತ್ರದಲ್ಲಿ ಎಷ್ಟು ಮಂದಿ, ಯಾರ ಕೈಯಲ್ಲಿ ಏನಿದೆ ಎಲ್ಲ ಬರೆದಿಡುತ್ತೇನೆ. ಈವರೆಗೆ ಮೂವತ್ತೊಂದಾಗಿವೆ.

ಮೂವತ್ತೊಂದನೆಯದು ಸಿಕ್ಕಿದ್ದು ಬಸ್ರೂರಿನ ಅತ್ತೆಯ ಮನೆಯಲ್ಲಿ. ಕಪಾಟಿನ ಹಲಗೆಗೆ ಹಾಸಿದ್ದ ಹ್ಯಾಂಡ್‌ಬಿಲ್. ‘ಕುಂದಾಪುರದಲ್ಲಿ ಪ್ರಥಮ ಬಾರಿಗೆ ಟಿ.ವಿ. ಆಟ. ಒಮ್ಮೆ ಕುಳಿತುಕೊಳ್ಳಿ, ಆಮೇಲೆ ಎದ್ದು ಹೋಗಿ, ನೋಡೋಣ’ ಎಂದು ಮೇಲೆ. ಕೆಳಗೆ ಒಂದು ಫೋಟೋ. ಸೀರೆ ಉಟ್ಟು ಅಬ್ಬಲಿಗೆ ಹೂ ಮುಡಿದ, ಇಪ್ಪತ್ತರ ಆಸುಪಾಸಿನ ಹುಡುಗಿ. ಎಡಗೈಯಲ್ಲಿ ಜಾಯ್‌ಸ್ಟಿಕ್‌ನ ಪೆಟ್ಟಿಗೆ, ಬಲಗೈ ಮುಷ್ಟಿಯಲ್ಲಿ ಅದರ ಕೋಲು. ಮೊಣಕೈ ಗಾಳಿಯಲ್ಲಿ.

ಅದನ್ನು ಇಲ್ಲಿ ಹಾಕಿ ಅಡಿಬರಹ ಕೊಟ್ಟೆ: ‘ಈ ಅಕ್ಕ ಗೇಮ್ ಆಡುತ್ತಿದ್ದಾರೋ, ಸಾರು ತೊಳಸುತ್ತಿದ್ದಾರೋ? ಹಿಡಿದದ್ದು ಮಾತ್ರ ಸೌಟು ಹಿಡಿದ ಹಾಗೆ.’

ನೀವು ನಕ್ಕಿರಿ. ತುಂಬ ಜನ ಮೆಸೇಜ್ ಮಾಡಿ ನಕ್ಕಿರಿ. ಎಷ್ಟು ಜನ ಎಂದು ಎಣಿಸಿಯೂ ಇದ್ದೆ. ಆ ಲೆಕ್ಕ ಈಗ ಹೇಳುವುದಕ್ಕೆ ನಾಚಿಕೆ.

ಫೋನಿನಲ್ಲಿ ಸಾರಿ ಎಂದೆ.

“ಸಾರಿ ನನ್ ಹತ್ರ ಎಂತಕ್ಕೆ? ನನ್ ಮೊಮ್ಮಗ್ಳ್ ಹತ್ರ ಹೇಳಿ. ಅದ್ ನನ್ ಮಾತ್ ನಂಬೂದೇ ಬಿಟ್ಟಿತ್.”

ಮನೆ ಎಲ್ಲಿ ಎಂದು ಕೇಳಿಕೊಂಡು ಅವತ್ತೇ ಬೈಂದೂರು ಬಸ್ಸು ಹತ್ತಿದೆ. ಚೀಲದಲ್ಲಿ ನನ್ನ ಹಳೆಯ ಜಾಯ್‌ಸ್ಟಿಕ್. ಯಾಕೆ ತೆಗೆದುಕೊಂಡು ಹೋದೆನೋ ಗೊತ್ತಿಲ್ಲ. ಬರಿಗೈಯಲ್ಲಿ ಹೋಗುವುದು ಹೇಗೆ ಎಂದಿರಬೇಕು.

ಬಿಜೂರಿನ ಆ ಮನೆಯ ಜಗಲಿಯಲ್ಲಿ ಗಿರಿಜಕ್ಕ ನಿಂತಿದ್ದರು. ಅವರೇ ಸೌಟಿನ ಅಕ್ಕ. ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ‘ನೀವು’ ಹೋಗಿ ‘ನೀನು’ ಬಂತು.

“ಎಂತ, ಇಷ್ಟ್ ಸಣ್ ಮಾಣಿಯಾ ನೀನ್? ಬರೆಯೂದ್ ಕಂಡ್ರೆ ದೊಡ್ ಗಂಡ್ಸ್ ಅಂದೇಳಿ ಮಾಡಿದ್ದೆ. ಬಾ, ಕೂಕೊ.”

ಕಥೆ ಇಷ್ಟು. ಅವರ ಅಣ್ಣ ಬೊಂಬಾಯಿಯಿಂದ ಗೇಮ್ ತಂದು ಕುಂದಾಪುರದಲ್ಲಿ ಅಂಗಡಿ ತೆರೆದಿದ್ದರು. ಮಧ್ಯಾಹ್ನದ ಬುತ್ತಿ ಒಯ್ಯುವುದು ತಂಗಿಯ ಕೆಲಸ. ಅಣ್ಣ ಉಣ್ಣುವಷ್ಟು ಹೊತ್ತು ತಂಗಿ ಆಡುವುದು. ಕೆಲವೇ ವಾರಗಳಲ್ಲಿ ಅಣ್ಣನೂ ಸೋತರು, ಗಿರಾಕಿಗಳೂ ಸೋತರು.

“ಕಾಲೇಜ್ ಮಕ್ಳ್ ನನ್ ಹತ್ರ ಸೋತ್ ಹೋಪತಿಗೆ ಚಪ್ಲಿ ಸೈತ ಬಿಟ್ಟಿಕಿ ಹೋತಿದ್ರ್” ಎಂದರು ಗಿರಿಜಕ್ಕ.

ಮೂರನೇ ಕ್ಲಾಸಿನ ಮೊಮ್ಮಗಳು ಸಾನ್ವಿ ಇದನ್ನೆಲ್ಲ ಕೇಳುತ್ತಲೇ ಬೆಳೆದವಳು. ಶಾಲೆಯಲ್ಲೂ ಹೇಳಿಕೊಂಡು ಬಂದಿದ್ದಾಳೆ, ನಮ್ಮ ಅಮ್ಮಮ್ಮ ಚಾಂಪಿಯನ್ ಎಂದು. ಆಮೇಲೆ ನನ್ನ ಅಂಕಣ ಬಂತು. ಫೋಟೋದಲ್ಲಿ ಅಮ್ಮಮ್ಮ ಇದ್ದಾರೆ, ಜೊತೆಗೆ ನನ್ನ ಮಾತೂ ಇದೆ. ಶಾಲೆಯ ವ್ಯಾನಿನಲ್ಲಿ ಮಕ್ಕಳು ಗೇಲಿ ಮಾಡದೆ ಬಿಟ್ಟಾರೆಯೇ?

ಬಾಗಿಲ ಮರೆಯಿಂದಲೇ ಅವಳು ತೀರ್ಪು ಕೊಟ್ಟಳು. “ಅಮ್ಮಮ್ಮಂಗೆ ಹಿಡುಕೇ ಬತ್ತಿಲ್ಲೆ. ಪೇಪರಂಗೇ ಬಂದಿತ್.”

ನಾನು ಜಾಯ್‌ಸ್ಟಿಕ್ ತೆಗೆದು ಗಿರಿಜಕ್ಕನ ಮುಂದಿಟ್ಟೆ. ಅವರು ಸೆರಗಿಗೆ ಕೈ ಒರೆಸಿಕೊಂಡು ಎತ್ತಿಕೊಂಡರು. ಪೆಟ್ಟಿಗೆ ಬಲ ಅಂಗೈಯಲ್ಲಿ ಕೂತಿತು. ಕೋಲಿಗೆ ಎಡಗೈ ಹೋಯಿತು. ಮುಷ್ಟಿಯಲ್ಲ, ಎರಡು ಬೆರಳು ಮತ್ತು ಹೆಬ್ಬೆರಳು, ಅಷ್ಟೇ. ಕೋಲು ಟಕಟಕ ಎಂದು ನಾಲ್ಕೂ ದಿಕ್ಕಿಗೆ ಓಡಿತು.

“ನಾನ್ ಎಡಗೈಯವ್ಳ್ ಮಾಣಿ.”

ಫೋಟೋದವನು ಬಂದ ದಿನ ಮೊದಲ ಫೋಟೋ ಹೀಗೇ ತೆಗೆದನಂತೆ. ಅಷ್ಟರಲ್ಲಿ ಅಣ್ಣ ನೋಡಿಬಿಟ್ಟರು.

“‘ಹೊಸ ಅಂಗ್ಡಿ, ಹೆಣೆ, ಎಡಗೈ ತೋರ್ಸ್‌ರೆ ಬೋಣಿ ಆತ್ತಾ? ಬಲಗೈಯಂಗ್ ಹಿಡಿ’ ಅಂದ. ಹಿಡ್ದೆ. ಬಡ್ಸುಕೆ ಬಲಗೈಯೇ ಬೇಕ್ ಅಂದ್ ನಮ್ ಅಮ್ಮ ಹೊಡ್ದ್ ಹೊಡ್ದ್ ಕಲ್ಸಿದ್ದಿದ್ರ್. ಬಲಗೈಯಂಗೆ ನಂಗ್ ಬಪ್ಪುದ್ ಸೌಟ್ ಒಂದೇ. ನೀ ಬರ್ದದ್ ಸಮಾ ಇತ್.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಸಮಾ ಇದೆ ಎಂದುಬಿಟ್ಟರಲ್ಲ!

ಹಳೆಯ ಜಾಹೀರಾತು ನೋಡಿ ನಾವು ಯಾಕೆ ಅಷ್ಟು ಸಲೀಸಾಗಿ ನಗುತ್ತೇವೆ? ಆ ಮೀಸೆ, ಆ ಬೆಲ್‌ಬಾಟಂ, ಆ ಕನ್ನಡ. ಚಿತ್ರದಲ್ಲಿ ಇರುವವರು ಇದ್ದದ್ದೇ ಹಾಗೆ ಎಂದುಕೊಳ್ಳುತ್ತೇವೆ. ಮೊನ್ನೆ ಆಧಾರ್ ಫೋಟೋ ತೆಗೆಯುವವನು ‘ಗದ್ದ ಕೆಳಗೆ ಮಾಡಿ’ ಎಂದಾಗ ಮಾಡಿದವನು ನಾನೇ. ಆ ಫೋಟೋದಲ್ಲಿ ಕಾಣುವುದು ನನ್ನ ಮುಖವೋ, ಅವನ ಅಪ್ಪಣೆಯೋ?

ಇನ್ನೂ ಒಂದು ಮಾತು ಒಪ್ಪಿಕೊಳ್ಳುವುದಿದೆ. ನನ್ನ ಉಳಿದ ಮೂವತ್ತು ಜಾಹೀರಾತುಗಳಲ್ಲಿ ಆಡುವವರೆಲ್ಲ ಗಂಡುಮಕ್ಕಳು. ಅಕ್ಕತಂಗಿಯರು ಹಿಂದೆ ನಿಂತು ಚಪ್ಪಾಳೆ ತಟ್ಟುತ್ತಾರೆ. ಅಮ್ಮ ಟ್ರೇಯಲ್ಲಿ ಶರಬತ್ತು ತರುತ್ತಾಳೆ. ಇದನ್ನು ಗಮನಿಸಿ, ‘ಹೆಣ್ಣುಮಕ್ಕಳೆಲ್ಲಿ?’ ಎಂದು ಒಂದು ಗಂಭೀರ ಅಂಕಣ ಬರೆಯುವ ಯೋಚನೆಯೂ ನನಗಿತ್ತು. ಕೊನೆಗೂ ಒಬ್ಬಳು ಸಿಕ್ಕಿದಳು. ಅವಳ ಕೈಗೆ ಸೌಟು ಕೊಟ್ಟೆ. (ಗಂಭೀರ ಅಂಕಣ ಬರೆಯುವವರ ಯೋಗ್ಯತೆ ಇಷ್ಟು.)

ಸಾನ್ವಿ ಈಗ ಬಾಗಿಲ ಮರೆ ಬಿಟ್ಟು ಅಮ್ಮಮ್ಮನ ಎಡಗೈಯನ್ನೇ ನೋಡುತ್ತಿದ್ದಳು.

“ಆನ್ ಮಾಡಿ, ಕಾಂಬ.”

ಆನ್ ಆಗುವುದಿಲ್ಲ, ಹಾಳಾಗಿದೆ ಎಂದೆ. ತಪ್ಪು ಬರೆದದ್ದು ನಾನು, ಅಮ್ಮಮ್ಮ ಹೇಳಿದ್ದೇ ನಿಜ ಎಂದೂ ಹೇಳಿದೆ.

“ನೀವ್ ಈಗ ಅಮ್ಮಮ್ಮನ್ ಕಾಂಬುಕ್ ಬಂದಿರಿ, ಅದ್ಕೆ ಹಾಂಗ್ ಹೇಳ್ತ್ರಿ” ಎಂದಳು. “ಪೇಪರಂಗ್ ಬಂದ್ರೆ ನಂಬ್ತೆ.”

ಗಿರಿಜಕ್ಕ ನಕ್ಕರು. “ಕಂಡ್ಯಾ? ನನ್ ಮಾತಿಗಿಂತ ನಿನ್ ಪೇಪರೇ ದೊಡ್ದ್ ಇದ್ಕೆ.” ನಗು ತುಟಿಯವರೆಗೆ ಮಾತ್ರ ಬಂದಿತ್ತು. ಜಾಯ್‌ಸ್ಟಿಕ್ ಇನ್ನೂ ಅವರ ಕೈಯಲ್ಲೇ ಇತ್ತು.

ಹೊರಡುವಾಗ ಆ ಮೊದಲ ಫೋಟೋದ ಬಗ್ಗೆ ಕೇಳಿದೆ. ಅವರ ಹತ್ತಿರ ಇಲ್ಲ. ಅಣ್ಣ ತೀರಿಕೊಂಡಿದ್ದಾರೆ, ಅಂಗಡಿ ಯಾವತ್ತೋ ಮುಚ್ಚಿದೆ. ಫೋಟೋ ತೆಗೆದವನ ಹೆಸರೂ ನೆನಪಿಲ್ಲ.

ಆದ್ದರಿಂದ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ಓದುಗರಲ್ಲಿ ಒಂದು ಬೇಡಿಕೆ. ಸ್ಟುಡಿಯೋ ನಡೆಸುತ್ತಿದ್ದವರ ಮನೆಯಲ್ಲಿ ಹಳೆಯ ನೆಗೆಟಿವ್‌ಗಳ ಡಬ್ಬ ಇದ್ದರೆ ದಯವಿಟ್ಟು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಅಬ್ಬಲಿಗೆ ಮುಡಿದ ಹುಡುಗಿ, ಎಡಗೈಯಲ್ಲಿ ಕೋಲು. ಆ ಅಂಗಡಿಯಲ್ಲಿ ಸೋತು ಚಪ್ಪಲಿ ಬಿಟ್ಟು ಹೋದ ಕಾಲೇಜು ಹುಡುಗರು ಈಗ ಯಾರಾದರೂ ಇದನ್ನು ಓದುತ್ತಿದ್ದರೆ, ನೀವೂ ಬರೆಯಿರಿ. ಸೋತೆ ಎಂದು ಒಂದು ಸಾಲು ಬರೆದರೂ ಸಾಕು.

ಫೋಟೋ ಸಿಕ್ಕರೆ ಇದೇ ಜಾಗದಲ್ಲಿ, ಅದೇ ಅಳತೆಯಲ್ಲಿ ಹಾಕುತ್ತೇನೆ. ಅಡಿಬರಹ ಮಾತ್ರ ನಾನು ಬರೆಯುವುದಿಲ್ಲ.