ಅಣ್ಣ ಇಟ್ಟ ಮದುವೆ ಊಟ

ಗೆಳೆಯರೇ, ನನಗಿನ್ನೂ ನಂಬಲಾಗುತ್ತಿಲ್ಲ. ಇಂದು ಅಕ್ಕಿಆಲೂರಿನಲ್ಲಿ ಅಣ್ಣನ ಮಗಳು ರೂತಮ್ಮನ ಮದುವೆ. ಪ್ರಾರ್ಥನೆ ಮುಗಿಸಿ ಹಸಿದು ಚಪ್ಪರಕ್ಕೆ ಬಂದರೆ, ಬೀಗರಿಗೆಂದು ಹಾಕಿದ ಎಲೆಗಳ ಮುಂದೆ ಸಂತೆಯ ಭಿಕ್ಷುಕರು ಕುಳಿತಿದ್ದರು. ಯುದ್ಧದ ಈ ಕಾಲದಲ್ಲಿ ಹೇಗೋ ಬೆಲ್ಲ ಹೊಂದಿಸಿ ಮಾಡಿದ ಹುಗ್ಗಿಯನ್ನು ಅಣ್ಣ ಅವರಿಗೆ ಬಡಿಸುತ್ತಿದ್ದ.

“ಅಣ್ಣಾ, ಏನ ಮಾಡಾಕತ್ತೀ?” ಎಂದೆ.

“ಊಟಕ್ಕ ನೆಂಟರನ್ನಲ್ಲ, ತಿರುಗಿ ಕರೆಯಾಕ ಆಗದವರನ್ನ ಕರೀಬೇಕು ಅಂತ ಸುವಾರ್ತೆಯೊಳಗ ಐತಿ. ಬರೇ ಓದಿದ್ರ ಏನ ಬಂತು?”

ವರನ ತಂದೆ ಚಪ್ಪಲಿ ಮೆಟ್ಟಿ, ಗಾಡಿ ಹೂಡಲು ಹೇಳಿದರು. ಅಷ್ಟರಲ್ಲಿ ರೂತಮ್ಮ ಬಂದು ಹುಗ್ಗಿಯ ಬೋಗುಣಿಯನ್ನು ಅವರ ಕೈಗಿಟ್ಟಳು.

“ಮಾವಾರ, ನೀವು ಹುಗ್ಗಿ ನೀಡ್ರಿ, ನಾ ತುಪ್ಪ ನೀಡತೇನಿ.”

ಅವರು ಬೋಗುಣಿ ಹಿಡಿದು ನಿಂತರು. ಎದುರಿಗಿದ್ದ ಕುರುಡ ಮುದುಕ ಕೇಳಿದ, “ಯಾರ್ರೀ ನೀಡಾವ್ರು?”

“ಬೀಗರು,” ಎಂದಳು ರೂತಮ್ಮ.

“ಹಂಗಾರ ಇನ್ನಷ್ಟು ಹಾಕ್ರಿ.”

ಬೀಗರು ಚಪ್ಪಲಿ ಕಳಚಿಟ್ಟು ಬಡಿಸತೊಡಗಿದರು.

ನಮಗೆ ಎಲೆ ಬೀಳುವಾಗ ಹೊತ್ತು ಇಳಿದಿತ್ತು. ನನ್ನ ಹೆಂಡತಿ ಕಿವಿಯಲ್ಲಿ ಹೇಳಿದಳು: “ನಿಮ್ಮಣ್ಣಾರು ಇನ್ನೂ ಮುಂದ ಓದಿದ್ರ, ಇದ್ದದ್ದೆಲ್ಲಾ ಮಾರಿ ಬಡವರಿಗೆ ಕೊಡು ಅಂತ ಬರ್ತೈತಂತ. ಮದುವಿ ಅಡಿಗಿಗೆ ಕೊಟ್ಟ ನಮ್ಮ ಹಂಡೆ ಇವತ್ತ ಗಾಡ್ಯಾಗ ಹಾಕ್ರಿ.”