ಹೊಸದುರ್ಗದ ಒಂದು ಹಿಡಿ ಮಣ್ಣು

ಕರಾವಳಿಯ ಹಳೆಯ ಊರುಗಳ ಬಗ್ಗೆ ಪುಸ್ತಕ ತರುತ್ತಿದ್ದೇವೆ, ಹೊಸದುರ್ಗದ ಮೇಲೆ ನೀವೇ ಬರೆಯಬೇಕು ಎಂದು ಸಂಪಾದಕರೊಬ್ಬರು ಫೋನ್ ಮಾಡಿದ್ದರು. ನೀವು ಕೊಡಗಿನ ಕರಿಕೆ ಕಡೆಯವರಲ್ಲವೇ, ಘಟ್ಟ ಇಳಿದರೆ ಅದೇ ಊರು, ನೆನಪುಗಳು ಬೇಕಾದಷ್ಟಿರುತ್ತವೆ ಎಂದರು. ಬೇಕಾದಷ್ಟಿವೆ, ನಿಜ. ಅವುಗಳಲ್ಲಿ ನನ್ನವು ಎಷ್ಟು ಎಂಬುದೇ ತಕರಾರು. ಆ ಊರಿನ ಕಡಲನ್ನು ಮೊದಲ ಸಲ ಅಪ್ಪನ ಹೆಗಲ ಮೇಲೆ ಕೂತು ನೋಡಿದೆ ಎಂದು ನಾನು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೆ. ಹೆಗಲ ಮೇಲೆ ಕೂತದ್ದು ನಿನ್ನ ಅಣ್ಣ, ನೀನು ಜ್ವರ ಬಂದು ಮನೆಯಲ್ಲೇ ಬಿದ್ದಿದ್ದೆ ಎಂದು ಸೋದರತ್ತೆ ಒಂದು ದಿನ ಹೇಳಿಬಿಟ್ಟರು. ಅಣ್ಣನನ್ನು ಕೇಳಿದರೆ ಅವನಿಗೆ ಕಡಲೇ ನೆನಪಿಲ್ಲ. ಬಸ್ಸಿನಲ್ಲಿ ವಾಂತಿ ಮಾಡಿಕೊಂಡದ್ದು ಮಾತ್ರ ನೆನಪು.

ಇಂಥ ಸಾಮಾನು ಇಟ್ಟುಕೊಂಡು ಒಂದು ಊರಿನ ಪರಿಚಯ ಬರೆಯುವುದು ಹೇಗೆ? ಹೋಗಿ ನೋಡಿಕೊಂಡೇ ಬರೋಣ ಎಂದು ಹೊರಟೆ. ಅದು ಚಿಕ್ಕಪ್ಪನ ಕಿವಿಗೆ ಬಿತ್ತು. ಅಲ್ಲಿಗೆ ನನ್ನ ಲೇಖನ ಮುಗಿಯಿತು, ಅವರ ಕೆಲಸ ಶುರುವಾಯಿತು.

ಅಪ್ಪನ ತಮ್ಮನಾದ ಈ ಚಿಕ್ಕಪ್ಪ ಈಗ ನಮ್ಮ ಮನೆಗೆ ಹಿರಿಯ ಗಂಡಸು. ಈ ವರ್ಷ ಕಾರಣರ ಕಟ್ಟೆಯನ್ನು ಹೊಸದಾಗಿ ಕಟ್ಟಿಸುತ್ತಿದ್ದರು. ಕಾರಣರು ಎಂದರೆ ತೀರಿಕೊಂಡ ಹಿರಿಯರು. ವರ್ಷಕ್ಕೊಮ್ಮೆ ಆ ಕಟ್ಟೆಯ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಬಾಳೆಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸುತ್ತೇವೆ. ಹಿಂದೆ ಎತ್ತುಗಳ ಮೇಲೆ ಅಕ್ಕಿ ಹೇರಿಕೊಂಡು ಘಟ್ಟ ಇಳಿದು, ಉಪ್ಪು ಒಣಮೀನು ಹೇರಿಕೊಂಡು ಹತ್ತುತ್ತಿದ್ದ ಒಬ್ಬ ಅಜ್ಜ ಹೊಸದುರ್ಗದಲ್ಲಿ ಜ್ವರ ಬಂದು ಸತ್ತರಂತೆ. ಎತ್ತುಗಳು ಮಾತ್ರ ಮನೆ ಸೇರಿದವಂತೆ. ಹೊರಗೆ ಸತ್ತವರನ್ನು ಕಟ್ಟೆಗೆ ಸೇರಿಸಬೇಕಾದರೆ ಸತ್ತ ಜಾಗದ ಒಂದು ಹಿಡಿ ಮಣ್ಣು ತಂದು ಕಟ್ಟೆಯ ಹೊಟ್ಟೆಗೆ ಹಾಕಬೇಕು. ಅದನ್ನು ಯಾರೂ ತಂದಿರಲಿಲ್ಲ. ಹಾಗಾಗಿ ಆ ಅಜ್ಜನ ಎಲೆ ಕಟ್ಟೆಯ ಮೇಲಲ್ಲ, ಕೆಳಗೆ ಅಂಗಳದಲ್ಲಿ. ನಾಯಿ ಬಾಯಿ ಹಾಕದಂತೆ ಮನೆಯವರೊಬ್ಬರು ಕೋಲು ಹಿಡಿದು ಅದನ್ನು ಕಾಯಬೇಕು.

ಕಟ್ಟೆಯ ಬಾಯಿ ಮುಚ್ಚುವ ಮೊದಲು ಆ ಮಣ್ಣು ಬರಬೇಕು, ಚಿಕ್ಕಪ್ಪನಿಗೆ ಬೇಕಾದದ್ದು ಇಷ್ಟೇ. ಕಾಂಕ್ರೀಟು ಹಾಕಿದ ಮೇಲೆ ಅದನ್ನು ಒಡೆಯುವವರು ಯಾರೂ ಇಲ್ಲ. ಅಜ್ಜ ಶಾಶ್ವತವಾಗಿ ಅಂಗಳದಲ್ಲೇ ಉಳಿಯುತ್ತಾರೆ. ಮೇಸ್ತ್ರಿ ನಾಪೋಕ್ಲಿನಲ್ಲಿ ಬೇರೆ ಕೆಲಸ ಒಪ್ಪಿಕೊಂಡಿದ್ದ, ಭಾನುವಾರ ಮುಚ್ಚಿ ಹೋಗುವವನೇ.

"ನಿಂಗೆ ಹೆಂಗೂ ಹೋಕುಟ್ಟಲ್ಲಾ, ನಾನೂ ಬನ್ನೆ," ಎಂದರು ಚಿಕ್ಕಪ್ಪ. ನಾನು ಹೇಗೂ ಹೋಗಬೇಕಲ್ಲ, ತಾವೂ ಬರುವುದಂತೆ.

ಸತ್ತದ್ದು ಎಲ್ಲಿ ಎಂದು ಕೇಳಿದ್ದು ನನ್ನ ತಪ್ಪು. ಕಡಲ ದಡದಲ್ಲಿ, ಉಪ್ಪು ಇಳಿಸುವ ಜಾಗದಲ್ಲಿ ಎಂದರು ಚಿಕ್ಕಪ್ಪ. ಒಳಗಿನಿಂದ ಅವರ ಅಕ್ಕ, ಅಂದರೆ ನನ್ನ ಅತ್ತೆ, ಅಲ್ಲ, ಕೋಟೆಯ ಬುಡದಲ್ಲಿ ಎಂದರು. ಇಬ್ಬರಿಗೂ ಹೇಳಿದ್ದು ಅವರ ಅವ್ವ. ಅದೇ ಜಗಲಿಯಲ್ಲಿ, ಬಹುಶಃ ಒಂದೇ ದಿನ. ಹಾಗಿದ್ದೂ ಒಬ್ಬರಿಗೆ ಕಡಲು, ಒಬ್ಬರಿಗೆ ಕೋಟೆ. ಇಬ್ಬರೂ ತಾವು ಕಣ್ಣಾರೆ ಕಂಡವರ ಹಾಗೆ ವಾದ ಮಾಡಿದರು. ಚಿಕ್ಕಪ್ಪ ಕಾಫಿಪುಡಿಯ ಖಾಲಿ ಡಬ್ಬಿಯನ್ನು ತೊಳೆದು ಚೀಲಕ್ಕೆ ಹಾಕುತ್ತಿದ್ದಾಗ ಅತ್ತೆ ಬಾಗಿಲಿಗೆ ಬಂದು ನಿಂತರು.

"ಹೊಯ್ಗೆ ತಂದರೆ ಮನೆ ಒಳಗೆ ನಾ ಬುಡ್ದುಲೆ. ಹೊಯ್ಗೆ ಮಣ್ಣಲ್ಲ." ಹೊಯ್ಗೆ ಎಂದರೆ ಮರಳು, ಕಡಲ ದಡದಲ್ಲಿ ಸಿಗುವುದು ಅದೇ.

ಪಾಣತ್ತೂರಿಗೆ ಇಳಿದು ಅಲ್ಲಿಂದ ಬಸ್ಸು. ನಾವು ಹೊಸದುರ್ಗ ಎನ್ನುವ ಊರನ್ನು ಬಸ್ಸಿನವರು ಕಾಞಂಗಾಡು ಎಂದೇ ಕೂಗುವುದು. ದಾರಿಯಲ್ಲಿ ನಾನು ಪುಸ್ತಕಕ್ಕೆ ಬೇಕಾದದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ: ಇಕ್ಕೇರಿಯ ನಾಯಕರು ಕಟ್ಟಿಸಿದ ಕೋಟೆ, ಒಂದು ಕಾಲಕ್ಕೆ ದಕ್ಷಿಣ ಕನ್ನಡಕ್ಕೆ ಸೇರಿದ್ದ ಊರು, ಆಮೇಲೆ ಕೇರಳಕ್ಕೆ ಹೋದದ್ದು, ಮಲಯಾಳ, ತುಳು, ಕನ್ನಡ, ಕೊಂಕಣಿ ಎಲ್ಲ ಕೇಳಿಸುವ ಪೇಟೆ. ಇದನ್ನು ಮನೆಯಲ್ಲಿ ಕೂತು ಯಾರು ಬೇಕಾದರೂ ಬರೆಯಬಹುದು. ಕೊಡಗಿನಿಂದ ಹೋದವನು ಬೇರೆ ಏನೋ ಕಾಣಬೇಕು ಎಂಬ ಹಟವಿತ್ತು. ನಾನು ಕಂಡದ್ದು ಇಂಟರ್‌ಲಾಕ್.

ಬಸ್‌ಸ್ಟ್ಯಾಂಡಿನಲ್ಲಿ ಇಂಟರ್‌ಲಾಕ್, ಆಸ್ಪತ್ರೆಯ ಮುಂದೆ ಇಂಟರ್‌ಲಾಕ್, ದೇವಸ್ಥಾನದ ಅಂಗಳ, ಮಸೀದಿಯ ಅಂಗಳ, ಮನೆಗಳ ಗೇಟಿನೊಳಗೆ, ಎಲ್ಲ ಕಡೆ ಆ ಬೂದಿ ಬಣ್ಣದ, ಕೆಂಪು ಬಣ್ಣದ ಸಿಮೆಂಟು ಇಟ್ಟಿಗೆಗಳು ಹಲ್ಲಿಗೆ ಹಲ್ಲು ಕಚ್ಚಿ ಕೂತಿದ್ದವು. ಇಡೀ ಪೇಟೆಯಲ್ಲಿ ಒಂದು ಹಿಡಿ ಮಣ್ಣಿಲ್ಲ. ನಾವು ಹಿಡಿದ ಆಟೋದ ಡ್ರೈವರನಿಗೆ ಚಿಕ್ಕಪ್ಪ ಮಲಯಾಳದಲ್ಲಿ ವಿಷಯ ಹೇಳಿದರು.

"ಮಣ್ಣೋ? ಎಂದಿನಾ?" ಎಂದು ಅವನು ತಿರುಗಿ ನೋಡಿದ. ಮಣ್ಣು ಯಾತಕ್ಕೆ ಎಂದು ಕೇಳಿದವನು ಕಾರಣ ಗೊತ್ತಾದ ಮೇಲೆ ನಗಲಿಲ್ಲ. ಮಣ್ಣು ಬೇಕಾದರೆ ಹೆದ್ದಾರಿ ಅಗಲ ಮಾಡುವಲ್ಲಿ ರಾಶಿ ಇದೆ ಎಂದು ಅಲ್ಲಿಗೇ ಕರೆದುಕೊಂಡು ಹೋದ. ಕೆಂಪು ಮಣ್ಣಿನ ಗುಡ್ಡೆಗಳು ಸಾಲಾಗಿದ್ದವು. ಚಿಕ್ಕಪ್ಪ ಒಂದು ಚಿಟಿಕೆ ತೆಗೆದು, ಉಜ್ಜಿ, ಮೂಸಿ ನೋಡಿ ಕೈ ಝಾಡಿಸಿದರು.

"ಇದ್ ಮೇಲಿನ ಮಣ್ಣ್. ಇಲ್ಲಿದಲ್ಲ."

ಡ್ರೈವರ್ ಒಪ್ಪಿಕೊಂಡ. ಪೂರ್ವದ ಗುಡ್ಡಗಳನ್ನು ಕಡಿದು ಟಿಪ್ಪರಿನಲ್ಲಿ ತಂದು ಸುರಿಯುತ್ತಾರಂತೆ. ಅಂದರೆ ನಾವು ಇಳಿದು ಬಂದ ದಾರಿಯಲ್ಲೇ ನಮಗಿಂತ ಮುಂಚೆ ಆ ಮಣ್ಣೂ ಇಳಿದು ಬಂದಿತ್ತು. ಇದು ಬರವಣಿಗೆಗೆ ಒದಗುವ ಸಂಗತಿ ಎಂದು ಆ ಕ್ಷಣವೇ ಅನಿಸಿ, ಅಷ್ಟು ಸಲೀಸಾಗಿ ಒದಗಿದ್ದಕ್ಕೇ ಸಿಟ್ಟು ಬಂತು.

ಕಡಲಿಗೆ ಹೋದೆವು. ಹಳೆಯ ಉಪ್ಪಿನ ಜಾಗ ಯಾವುದು ಎಂದು ಚಿಕ್ಕಪ್ಪ ಮೀನು ಒಣಗಿಸುತ್ತಿದ್ದ ಒಬ್ಬ ಹೆಂಗಸನ್ನು ಕೇಳಿದರು. ಅವಳು ಎದ್ದೂ ನಿಲ್ಲದೆ ನೀರಿನ ಕಡೆ ಕೈ ತೋರಿಸಿದಳು. ಅವಳ ಅಜ್ಜಿಯ ಕಾಲದ ದಡ ಈಗ ನೀರಿನೊಳಗಿದೆಯಂತೆ. ತೆಂಗಿನ ಸಾಲುಗಳೇ ಹೋಗಿವೆಯಂತೆ, ಇನ್ನು ಉಪ್ಪಿನ ಜಾಗ ಉಳಿಯುತ್ತದೆಯೇ? ಚಿಕ್ಕಪ್ಪ ಪಂಚೆ ಎತ್ತಿ ಕಟ್ಟಿ, ಮೊಣಕಾಲವರೆಗೆ ನೀರಿಗಿಳಿದು, ಅಲೆ ಹಿಂದೆ ಸರಿದಾಗ ಬಗ್ಗಿ ಡಬ್ಬಿ ತುಂಬಿಸಿದರು. ಮುಂದಿನ ಅಲೆ ಅವರನ್ನು ಕೂರಿಸಿಬಿಟ್ಟಿತು. ನಾನೂ ಡ್ರೈವರನೂ ಸೇರಿ ಎತ್ತಿದೆವು. ಡಬ್ಬಿ ಮಾತ್ರ ಕೈಬಿಟ್ಟಿರಲಿಲ್ಲ.

ಇನ್ನು ಹೊರಡೋಣ ಎಂದೆ. ಒದ್ದೆ ಪಂಚೆಯಲ್ಲೇ ಆಟೋ ಹತ್ತಿ ಅವರು ಕೋಟೆಗೆ ಎಂದರು. ಅತ್ತೆಯ ಮಾತು ಸುಳ್ಳು ಎಂದು ಬೆಳಿಗ್ಗೆಯಿಂದ ಹೇಳಿದವರು ಇವರೇ.

ಕೋಟೆಯ ಬುರುಜುಗಳು ದುಂಡಗಿವೆ, ಕೆಂಪು ಮುರಕಲ್ಲಿನವು, ಬಿರುಕುಗಳಲ್ಲಿ ಗಿಡ ಬೆಳೆದಿವೆ. ಸುತ್ತಮುತ್ತ ಕಚೇರಿಗಳು. ಫೈಲು ಹಿಡಿದವರು ಗೋಡೆಯ ನೆರಳಿನಲ್ಲಿ ಚಹಾ ಕುಡಿಯುತ್ತಾರೆ, ಯಾರೂ ತಲೆಯೆತ್ತಿ ಕೋಟೆ ನೋಡುವುದಿಲ್ಲ. ನೋಡಬೇಕಾದ ನಾನೂ ನೋಡಲಿಲ್ಲ, ಏಕೆಂದರೆ ಚಿಕ್ಕಪ್ಪ ಗೋಡೆಯ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತು ಆಟೋದ ಸ್ಪ್ಯಾನರಿನಿಂದ ಕೆರೆಯುತ್ತಿದ್ದರು, ನಾನು ಯಾರಾದರೂ ಬಂದು ಕೇಳಿದರೆ ಏನು ಹೇಳಲಿ ಎಂದು ಕಾಯುತ್ತಿದ್ದೆ. ಯಾರೂ ಕೇಳಲಿಲ್ಲ. ಕೆರೆದ ಮಣ್ಣನ್ನು ಟವೆಲಿನ ತುದಿಗೆ ಗಂಟು ಹಾಕಿಕೊಂಡು ಎದ್ದರು.

ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ ಡ್ರೈವರ್ ಒಂದು ಮಾತು ಕೇಳಿದ. ಅವನ ಅಜ್ಜಿಯ ತಮ್ಮ ಕಾಫಿ ಕೊಯ್ಯಲು ಕೊಡಗಿಗೆ ಹೋದವನು ತಿರುಗಿ ಬರಲಿಲ್ಲವಂತೆ. ಯಾವುದೋ ಎಸ್ಟೇಟಿನ ಕೂಲಿಗಳ ಲೈನುಮನೆಯಲ್ಲಿ ಸತ್ತನೆಂದು ಸುದ್ದಿ. ನಿಮಗೇನಾದರೂ ಗೊತ್ತಾಗಬಹುದೇ?

ಕೊಡಗಿನಲ್ಲಿ ಎಲ್ಲಿ ಎಂದು ಚಿಕ್ಕಪ್ಪ ಕೇಳಿದರು. ಕೊಡಗಿನಲ್ಲಿ ಎಂದಷ್ಟೇ ಗೊತ್ತು ಎಂದ ಅವನು. ಬಸ್ಸು ಹತ್ತಿದ ಮೇಲೂ ಚಿಕ್ಕಪ್ಪನ ಗೊಣಗಾಟ ನಿಲ್ಲಲಿಲ್ಲ. ಕೊಡಗು ಎಂದರೆ ಏನು, ಇವನ ಮನೆಯ ಹಿತ್ತಲೇ? ಊರಿನ ಹೆಸರಿಲ್ಲ, ಎಸ್ಟೇಟಿನ ಹೆಸರಿಲ್ಲ, ಹುಡುಕುವುದು ಹೇಗೆ? ಪಾಣತ್ತೂರಿನವರೆಗೂ ಇದೇ. ತೊಡೆಯ ಮೇಲೆ ಡಬ್ಬಿ, ಡಬ್ಬಿಯ ಮೇಲೆ ಟವೆಲಿನ ಗಂಟು.

ಭಾನುವಾರ ಮೇಸ್ತ್ರಿ ಸಿಮೆಂಟು ಕಲಸಿ ಕಾಯುತ್ತಿದ್ದ. ಅತ್ತೆ ಎರಡನ್ನೂ ಬಿಚ್ಚಿಸಿ ನೋಡಿದರು. ಒಬ್ಬ ಮನುಷ್ಯ ಎರಡು ಕಡೆ ಸಾಯುವುದುಂಟೇ, ಒಂದನ್ನು ಹಾಕಿ ಎಂದರು. ಚಿಕ್ಕಪ್ಪ ಎರಡೂ ಬೇಕು ಎಂದರು. ನಿನ್ನದು ನಿನಗೇ ನಂಬಿಕೆಯಿಲ್ಲವಾ ಎಂದು ಅತ್ತೆ ಚುಚ್ಚಿದರು.

"ಅಕ್ಕಾ, ಅವ್ವ ಎಂತ ಹೇಳ್ತ್ ಅಂತ ನಂಗೆ ಈಗ ಗೊತ್ತಿಲೆ," ಎಂದರು ಚಿಕ್ಕಪ್ಪ.

ಸಿಮೆಂಟು ಗಟ್ಟಿಯಾಗುತ್ತದೆ, ಬೇಗ ಏನಾದರೂ ಹಾಕಿ ಎಂದು ಮೇಸ್ತ್ರಿ ಅವಸರ ಮಾಡಿದ. ಎರಡೂ ಹೋದವು, ಮೊದಲು ಮಣ್ಣು, ಅದರ ಮೇಲೆ ಹೊಯ್ಗೆ. ಹೊಯ್ಗೆಯನ್ನು ಸುರಿದದ್ದು ಅತ್ತೆಯೇ. ಮೇಸ್ತ್ರಿ ಬಾಯಿ ಮುಚ್ಚಿ ಕರಣೆ ತೊಳೆದುಕೊಂಡು ಹೋದ.

ಎಲೆ ಹಾಕುವ ದಿನ ಸಂಜೆ ಅಜ್ಜನ ಎಲೆ ಕೊನೆಗೂ ಕಟ್ಟೆಯ ಮೇಲೆ ಬಂತು. ಒಣಮೀನು, ಅಕ್ಕಿರೊಟ್ಟಿ, ಕೋಳಿ, ಒಂದು ಲೋಟ ಕಳ್ಳು. ಚಿಕ್ಕಪ್ಪ ಕೈ ಮುಗಿದು ನಿಂತಿದ್ದರು, ಕಣ್ಣು ಒದ್ದೆಯಾಗಿತ್ತು. ನನಗೂ ಒಂದು ರೀತಿಯ ಸಮಾಧಾನ. ಅಷ್ಟರಲ್ಲಿ ಅತ್ತೆ ಇನ್ನೊಂದು ಎಲೆ ತಂದು ಕೆಳಗೆ ಅಂಗಳದಲ್ಲಿ, ಅದೇ ಹಳೆಯ ಜಾಗದಲ್ಲಿ ಹಾಕಿ ಬಡಿಸತೊಡಗಿದರು.

ಇದು ಯಾರಿಗೆ ಎಂದು ನಾನು ಕೇಳಿದೆ.

"ಬಾರದಿದ್ದರೆ?" ಎಂದರು ಅತ್ತೆ. ಎರಡು ಮಣ್ಣೂ ತಪ್ಪಾಗಿದ್ದು ಅಜ್ಜ ಇನ್ನೂ ಹೊರಗೇ ಇದ್ದರೆ ಉಪವಾಸ ಹೋಗಬಾರದಲ್ಲ.

ಅಜ್ಜ ಬಂದಾಗಿದೆ, ಅದು ಆ ಆಟೋದವನ ಅಜ್ಜಿಯ ತಮ್ಮನಿಗೆ ಎಂದರು ಚಿಕ್ಕಪ್ಪ, ಅವನು ಕೊಡಗಿನಲ್ಲೇ ತಾನೇ ಎಲ್ಲೋ ಇರುವುದು. ಗುರುತಿಲ್ಲದವನಿಗೆ ನಮ್ಮ ಅಂಗಳದಲ್ಲಿ ಎಲೆ ಹಾಕುವುದುಂಟೇ ಎಂದು ಅತ್ತೆ ಶುರು ಮಾಡಿದರು. ಹಾಗಾದರೆ ಒಳಗೆ ಬಂದವನಿಗೆ ಹೊರಗೂ ಹಾಕುವುದುಂಟೇ ಎಂದು ಚಿಕ್ಕಪ್ಪ. ಅಕ್ಕ ತಮ್ಮ ಇಬ್ಬರೂ ಜಗಲಿ ಹತ್ತಿ ಹೋಗಿ ಅಲ್ಲಿ ಮುಂದುವರಿಸಿದರು.

ಹೋಗುವಾಗ ಅತ್ತೆ ಕೋಲನ್ನು ನನ್ನ ಕೈಗೆ ಕೊಟ್ಟಿದ್ದರು. ಸಂಪಾದಕರು ಆ ಹೊತ್ತಿಗೇ ಫೋನ್ ಮಾಡಿದರು, ಹೊಸದುರ್ಗ ಎಲ್ಲಿಗೆ ಬಂತು ಎಂದು. ಫೋನು ಕಿವಿಗಿಟ್ಟುಕೊಂಡೇ ನಾನು ಕೋಲು ಎತ್ತಿದೆ. ನಾಯಿ ದನದ ಕೊಟ್ಟಿಗೆಯ ಹಿಂದಿನಿಂದ ಸುತ್ತು ಬಳಸಿ ಬರುತ್ತಿತ್ತು.