ಏಳನೇ ನಂಬರಿನ ಬಾಗಿಲವರೆಗೆ

ತಲೆಗೆ ಮಂಗನ ಟೋಪಿ, ಮೈಗೆ ತೀರಿಹೋದ ಗಂಡನ ದಪ್ಪ ಜಾಕೆಟ್ಟು, ಅದರ ಕೆಳಗೆ ಹೂವಿನ ನೈಟಿ, ನೈಟಿಯ ಕೆಳಗೆ ಮೊಣಕಾಲುದ್ದದ ರಬ್ಬರ್ ಬೂಟು. ಈ ವೇಷದಲ್ಲಿ ಗಾರ್ಡನ್ ಟ್ರ್ಯಾಕ್ಟರ್ ಮೇಲೆ ಕೂತು, ಮುಂದಿನ ಕಬ್ಬಿಣದ ಹಲಗೆಯಿಂದ ಹಿಮ ತಳ್ಳುತ್ತ ಬರುತ್ತಿದ್ದ ವಾರಿಜಕ್ಕನನ್ನು ಮೊದಲ ಸಲ ಕಂಡಾಗ ನನಗೆ ನಗು ಬರಬೇಕಿತ್ತು. ಬರಲಿಲ್ಲ. ಆ ಚಳಿಗಾಲದಲ್ಲಿ ನಗುವುದಕ್ಕೂ ಆಯಾಸವಾಗುತ್ತಿತ್ತು.

ಬ್ಯಾಂಕುಗಳು ಒಂದರ ಹಿಂದೊಂದು ಮುಗ್ಗರಿಸುತ್ತಿದ್ದ ಕಾಲ. ಜರ್ಸಿ ಸಿಟಿಯ ಹಣಕಾಸು ಕಂಪನಿಯಲ್ಲಿದ್ದ ನನ್ನ ಕೆಲಸ ಹೋಗಿ ಎರಡು ತಿಂಗಳಾಗಿತ್ತು. ಹೆಂಡತಿ ಮಗಳನ್ನು ಮೈಸೂರಿಗೆ ಕಳಿಸಿ, ಅಪಾರ್ಟ್‌ಮೆಂಟ್ ಬಿಟ್ಟು, ಎಡಿಸನ್ ಹತ್ತಿರ ಹೆದ್ದಾರಿ ಪಕ್ಕದಲ್ಲಿದ್ದ ವಾರಿಜಕ್ಕನ ಮೋಟೆಲಿನ ಹನ್ನೆರಡನೇ ರೂಮು ಹಿಡಿದಿದ್ದೆ. ವೀಸಾದ ದಿನಗಳು ಮುಗಿಯುವುದರೊಳಗೆ ಕೆಲಸ ಸಿಗದಿದ್ದರೆ ನಾನೂ ಗಂಟುಮೂಟೆ ಕಟ್ಟಬೇಕು. ಬೆಳಗ್ಗೆ ಅರ್ಜಿ ಹಾಕುವುದು, ಸಂಜೆಯವರೆಗೆ ಫೋನು ನೋಡುತ್ತ ಕೂರುವುದು, ಇಷ್ಟೇ ನನ್ನ ದಿನಚರಿ.

ವಾರಿಜಕ್ಕ ಉಡುಪಿ ಕಡೆಯವರು, ಅರವತ್ತು ದಾಟಿದವರು. ಗಂಡನ ಜೊತೆ ಶುರುಮಾಡಿದ ಮೋಟೆಲನ್ನು ಗಂಡ ಹೋದ ಮೇಲೆ ಒಬ್ಬರೇ ನಡೆಸುತ್ತಿದ್ದರು. ನಾನು ಮೊದಲ ದಿನ ಆಂಟಿ ಎಂದದ್ದಕ್ಕೆ ಹುಬ್ಬು ಗಂಟಿಕ್ಕಿದ್ದರು. "ಆಂಟಿ ಎಂತದು ಮಾರಾಯ? ಅಕ್ಕ ಅಂದ್ರೆ ನಾಲಿಗೆಗೆ ನೋವಾ?" ಆಂಟಿ ಎಂದು ಕರೆಯುವ ಪರವಾನಗಿ ಇದ್ದದ್ದು ಏಳನೇ ನಂಬರಿನ ರೂಮಿನಲ್ಲಿದ್ದ ಅಮೆರಿಕನ್ ಮುದುಕರೊಬ್ಬರಿಗೆ ಮಾತ್ರ. ಎಂಬತ್ತರ ಅವರು ಇವರನ್ನು ಆಂಟಿ ಎನ್ನುತ್ತಿದ್ದರು, ಇವರು ಅವರನ್ನು ಅಜ್ಜ ಎನ್ನುತ್ತಿದ್ದರು. ಅಜ್ಜ ಎಂದರೇನು ಎಂದು ಅವರು ಕೊನೆಗೂ ಕೇಳಲಿಲ್ಲ.

ಅಜ್ಜ ಆ ವರ್ಷವೇ ಮನೆ ಕಳೆದುಕೊಂಡು ಅಲ್ಲಿಗೆ ಬಂದವರು. ಓಡಾಟವೆಲ್ಲ ಗಾಲಿಕುರ್ಚಿಯಲ್ಲಿ. ಮಂಗಳವಾರ, ಗುರುವಾರ, ಶನಿವಾರ ಬೆಳಗ್ಗೆ ಡಯಾಲಿಸಿಸ್‌ಗೆ ಕರೆದೊಯ್ಯಲು ವ್ಯಾನು ಬರುತ್ತಿತ್ತು. ಮೋಟೆಲು ಇದ್ದದ್ದು ದಿಬ್ಬದ ಮೇಲೆ. ಹೆದ್ದಾರಿಯಿಂದ ಹತ್ತುವ ದಾರಿಗೆ ಮಧ್ಯದಲ್ಲೊಂದು ತಿರುವು. ಹಿಮ ತೆಗೆದಿರದಿದ್ದರೆ ವ್ಯಾನು ಮೇಲೆ ಹತ್ತುವಂತಿಲ್ಲ, ಅದು ವ್ಯಾನಿನವರ ರೂಲು. ಹಿಮ ತೆಗೆಯುತ್ತಿದ್ದ ಗುತ್ತಿಗೆದಾರ ಆ ವರ್ಷ ವ್ಯವಹಾರವನ್ನೇ ಮುಚ್ಚಿದ್ದ. "ಬಾಗಿಲವರೆಗೆ ವ್ಯಾನ್ ಬರ್ತದೆ, ಅದು ನನ್ನ ಜವಾಬ್ದಾರಿ ಅಂತ ಅಜ್ಜನಿಗೆ ಹೇಳಿಬಿಟ್ಟಿದ್ದೇನೆ. ನನ್ನ ಬಾಯಿ ಸುಮ್ಮನಿರುದಿಲ್ಲ ನೋಡು," ಎನ್ನುತ್ತಿದ್ದರು ವಾರಿಜಕ್ಕ. ಆ ಒಂದು ಮಾತಿಗಾಗಿ, ಗಂಡ ಹುಲ್ಲು ಕತ್ತರಿಸಲು ಕೊಂಡಿದ್ದ ಟ್ರ್ಯಾಕ್ಟರು ಹಿಮಕ್ಕಿಳಿದಿತ್ತು.

ಅವರು ಹಿಮ ತೆಗೆಯುತ್ತಿದ್ದದ್ದು ಏಳನೇ ನಂಬರಿನ ಬಾಗಿಲವರೆಗೆ ಮಾತ್ರ. ಅಲ್ಲಿಂದಾಚೆಗೆ ಒಂದಡಿಯೂ ಇಲ್ಲ. ನನ್ನ ಬಾಗಿಲ ಪಕ್ಕ ಒಂದು ಸಲಿಕೆ ಒರಗಿಸಿಟ್ಟಿದ್ದರು. "ಕಾಲು ಗಟ್ಟಿ ಇದ್ದವರಿಗೆ ಅದು ಉಂಟು."

ಟ್ರ್ಯಾಕ್ಟರಿನ ಹಿಂದಿನ ಚಕ್ರಗಳು ನಿಂತಲ್ಲೇ ತಿರುಗುತ್ತಿದ್ದುದನ್ನು ಕಂಡು ನನ್ನೊಳಗಿನ ಪಂಡಿತ ಎದ್ದ. ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವನು. ಓದಿದ ಮೇಲೆ ಒಂದು ಬೋಲ್ಟನ್ನೂ ತಿರುಗಿಸಿದವನಲ್ಲ. "ಅಕ್ಕಾ, ಹಿಂದೆ ಲೋಡ್ ಸಾಲ್ತಿಲ್ಲ. ಚಕ್ರಕ್ಕೆ ಚೈನ್ ಹಾಕಿ, ಹಿಂದ್ಗಡೆ ಮರಳಿನ ಚೀಲ ಕಟ್ಟೋಣ. ಆಮೇಲೆ ನೋಡಿ!" ಎಂದೆ. ಕಟ್ಟಿದೆವು. ಮರುದಿನ ಟ್ರ್ಯಾಕ್ಟರು ಎಲ್ಲೂ ಒದ್ದಾಡದೆ ಹಿಮವನ್ನು ತಳ್ಳಿಕೊಂಡು ಹೋಯಿತು. ಎರಡು ತಿಂಗಳಲ್ಲಿ ನಾನು ಯಾವುದಕ್ಕಾದರೂ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಮುಂದಿನ ಸೋಮವಾರ ಮಳೆ ಬಿದ್ದು ಅಲ್ಲೇ ಹೆಪ್ಪುಗಟ್ಟಿತು, ರಾತ್ರಿ ಅದರ ಮೇಲೆ ಹಿಮವೂ ಬಿತ್ತು. ಮಂಗಳವಾರ ಬೆಳಗ್ಗೆ ವಾರಿಜಕ್ಕ ಹಿಮ ತಳ್ಳುತ್ತ ಇಳಿದು ತಿರುವಿಗೆ ಬಂದು ಸ್ಟೀರಿಂಗ್ ತಿರುಗಿಸಿದರು. ಮುಂದಿನ ಚಕ್ರಗಳೂ ತಿರುಗಿದವು. ಟ್ರ್ಯಾಕ್ಟರು ಮಾತ್ರ ತಿರುಗಲಿಲ್ಲ. ನೇರವಾಗಿ ಹೋಗಿ ಪಕ್ಕದ ಚರಂಡಿಗೆ ಮೂತಿಯಿಟ್ಟು ನಿಂತಿತು. ವಾರಿಜಕ್ಕನಿಗೆ ಏಟಾಗಲಿಲ್ಲ. ಆದರೆ ವ್ಯಾನು ಕೆಳಗೆ ಬಂದು, ಹತ್ತು ನಿಮಿಷ ಕಾದು, ಹೊರಟುಹೋಯಿತು. ಡಯಾಲಿಸಿಸ್ ಸೆಂಟರಿಗೆ ಫೋನು ಮಾಡಿದರೆ ಇನ್ನು ಗುರುವಾರವೇ ಎಂದರು.

ಬುಧವಾರದ ಹೊತ್ತಿಗೆ ಅಜ್ಜನ ಪಾದಗಳು ಚಪ್ಪಲಿಗೂ ತೂರದಷ್ಟು ಊದಿದ್ದವು. ವಾರಿಜಕ್ಕ ಅವರ ಪಕ್ಕದಲ್ಲೇ ಕೂತು, ನೀರು ಹೆಚ್ಚಾಗಬಾರದೆಂದು ಚಮಚದಲ್ಲಿ ಅಳೆದು ಕೊಡುತ್ತಿದ್ದರು. ನನಗೆ ಒಂದೇ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮಧ್ಯಾಹ್ನ ಪಕ್ಕದ ಗ್ಯಾರೇಜಿನವರು ಟ್ರ್ಯಾಕ್ಟರನ್ನು ಎಳೆದುಕೊಟ್ಟರು. ವಾರಿಜಕ್ಕ ಮುಂದಿನ ಚಕ್ರದೆದುರು ಕುಕ್ಕರಗಾಲಲ್ಲಿ ಕೂತು, ಟಯರಿನ ಮೇಲೆ ಹೆಬ್ಬೆರಳಾಡಿಸಿ ನನ್ನನ್ನು ಕರೆದರು.

"ನೋಡು ಇಂಜಿನಿಯರೇ, ಹುಲ್ಲಿಗೆ ನೋವಾಗಬಾರದು ಅಂತ ಮಾಡಿದ ನುಣ್ಣಗಿನ ಟಯರು ಇದು. ಐಸಿನ ಮೇಲೆ ಎಂತ ಹಿಡೀತದೆ? ಸಾಲದ್ದಕ್ಕೆ ನಾವು ಹಿಂದೆ ಅಷ್ಟು ಭಾರ ಹೇರಿದ್ದು. ಮುಂದಿನದ್ದು ಎದ್ದುಕೊಂಡೇ ಹೋಯ್ತು. ತಳ್ಳುವವ ಗಟ್ಟಿ ಇದ್ರೆ ಸಾಕಾ? ತಿರುಗುವವನಿಗೂ ಕಾಲೂರ್ಲಿಕ್ಕೆ ನೆಲ ಬೇಕಲ್ಲ."

ನಾವು ಎಂದರು, ನೀನು ಎನ್ನಲಿಲ್ಲ. ಅದನ್ನು ನಾನು ಮರೆತಿಲ್ಲ.

ಹಿಂದಿನ ಚೀಲಗಳಲ್ಲಿ ಅರ್ಧ ಇಳಿಸಿದೆವು. ಅಡುಗೆಮನೆಯ ಮೂಲೆಯಲ್ಲಿ ಮೋಟಾರು ಸುಟ್ಟ ದೊಡ್ಡ ಗ್ರೈಂಡರು ಬಿದ್ದಿತ್ತು. "ಹಿಟ್ಟು ರುಬ್ಬುದು ಹೇಗೂ ನಿಂತಿದೆ," ಎಂದು ಅದರ ಕಲ್ಲುಗಳನ್ನು ತೆಗೆಸಿ, ಭಾರಕ್ಕೆಂದು ಟ್ರ್ಯಾಕ್ಟರಿನ ಮುಂಭಾಗಕ್ಕೆ ಪಟ್ಟಿ ಬಿಗಿದು ಕಟ್ಟಿಸಿದರು. ಮೈಸುತ್ತ ಅಂಚಿನಂತೆ ಉಬ್ಬಿದ ಏಣುಗಳಿರುವ ಮುಂದಿನ ಟಯರುಗಳನ್ನು ಗ್ಯಾರೇಜಿನವರೇ ಹುಡುಕಿ ಹಾಕಿಕೊಟ್ಟರು. ಆ ಏಣು ಐಸನ್ನು ಕೊರೆದು ಹಿಡಿಯುತ್ತದಂತೆ. ನನ್ನ ನಾಲ್ಕು ವರ್ಷದ ಓದಿನಲ್ಲಿ ಅದು ಬಂದಿರಲಿಲ್ಲ, ಅಥವಾ ಬಂದ ದಿನ ನಾನು ಕ್ಲಾಸಿನಲ್ಲಿರಲಿಲ್ಲ.

ಗುರುವಾರ ವಾರಿಜಕ್ಕ ತಿರುವಿನಲ್ಲಿ ಹಲಗೆಯನ್ನು ತುಸು ಎತ್ತಿ, ನಿಧಾನಕ್ಕೆ ಸ್ಟೀರಿಂಗ್ ತಿರುಗಿಸಿದರು. ಟ್ರ್ಯಾಕ್ಟರು ಹೇಳಿದ ಮಾತು ಕೇಳಿತು. ವ್ಯಾನು ಬಾಗಿಲಿಗೆ ಬಂತು. ಅಜ್ಜ ಊದಿದ ಮುಖದಲ್ಲೇ ನಕ್ಕು, "ಥ್ಯಾಂಕ್ಯೂ, ಆಂಟಿ," ಎಂದರು.

ಆಮೇಲೆ ಒಂದು ಸಲವೂ ವ್ಯಾನು ತಪ್ಪಲಿಲ್ಲ. ಹಿಮವೂ ಬಿಡಲಿಲ್ಲ. ವಾರಿಜಕ್ಕನ ಕೈಬೆರಳು ಬಿರಿದು, ಎಷ್ಟು ಕೊಬ್ಬರಿ ಎಣ್ಣೆ ಸವರಿದರೂ ಕೂಡಿಕೊಳ್ಳಲಿಲ್ಲ. ಕೆಲಸ ಮುಗಿಸಿ ಬಂದವರು ಆಫೀಸಿನ ಕುರ್ಚಿಯಲ್ಲಿ ಟೋಪಿ ಸಮೇತ ನಿದ್ದೆಹೋಗುತ್ತಿದ್ದರು. ಸುಸ್ತಾಗಲ್ವಾ ಎಂದು ಒಮ್ಮೆ ಕೇಳಿದೆ. "ಆಗ್ತದೆ ಮಾರಾಯ. ಸುಸ್ತಾಯ್ತು ಅಂತ ಹಿಮಕ್ಕೆ ಹೇಳ್ಲಿಕ್ಕೆ ಆಗ್ತದಾ?"

ನನಗೆ ಕೆಲಸ ಸಿಗಲಿಲ್ಲ. ಮಾರ್ಚ್ ಮೊದಲ ವಾರ ಟಿಕೆಟ್ ಮಾಡಿಸಿ ಹೇಳಿದೆ. ಅಯ್ಯೋ ಪಾಪ ಎನ್ನುತ್ತಾರೆಂದು ಹೆದರಿದ್ದೆ. "ಟ್ಯಾಕ್ಸಿ ಎಷ್ಟು ಗಂಟೆಗೆ?" ಎಂದರು, ಅಷ್ಟೇ.

ಹೊರಡುವ ಬೆಳಗ್ಗೆ ಕಿಟಕಿಯಿಂದ ನೋಡಿದರೆ ಕಾರುಗಳ ಮೇಲೆಲ್ಲ ಮೊಣಕೈಯುದ್ದ ಹಿಮ. ಸೂಟ್‌ಕೇಸು ಎಳೆಯಲು ದಾರಿ ಬಿಡಿಸಿಕೊಳ್ಳಬೇಕಲ್ಲ ಎಂದು ಬೈದುಕೊಳ್ಳುತ್ತ, ಸಲಿಕೆಗೆ ಕೈಚಾಚಿ ಬಾಗಿಲು ತೆಗೆದೆ. ಹೊಸ್ತಿಲವರೆಗೆ ನೆಲ ಕಾಣುತ್ತಿತ್ತು. ಏಳು, ಎಂಟು, ಒಂಬತ್ತು, ಎಲ್ಲವನ್ನೂ ದಾಟಿ ಹನ್ನೆರಡರ ಮುಂದೆ ಬಂದು, ಅಲ್ಲಿ ತಿರುಗಿ ಹೋಗಿದ್ದ ಏಣಿನ ಟಯರಿನ ಗುರುತು. ಅವತ್ತು ಬುಧವಾರ, ವ್ಯಾನು ಬರುವ ದಿನವೂ ಅಲ್ಲ. ನಾನು ಹೊಸ್ತಿಲಲ್ಲೇ ನಿಂತು ಅತ್ತುಬಿಟ್ಟೆ. ಕೆಲಸ ಹೋದಾಗಲೂ ಅತ್ತಿರಲಿಲ್ಲ.

ಕೀಲಿಕೈ ಕೊಡಲು ಆಫೀಸಿಗೆ ಹೋದರೆ ವಾರಿಜಕ್ಕ ಕುರ್ಚಿಯಲ್ಲಿ ನಿದ್ದೆಹೋಗಿದ್ದರು. ಬೂಟಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಎಬ್ಬಿಸಲು ಮನಸ್ಸಾಗಲಿಲ್ಲ. ಕೀಲಿಕೈಯನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟು ಹೊರಗೆ ಬಂದೆ. ಅವರನ್ನು ನಾನು ನೋಡಿದ್ದು ಅದೇ ಕೊನೆ.

ಟ್ಯಾಕ್ಸಿ ಆ ತಿರುವಿನಲ್ಲಿ ಒಂದಿಷ್ಟೂ ಜಾರದೆ ಕೆಳಗಿಳಿಯಿತು.